ಬಿಂದು ಇಡುವ ಭಾಗ್ಯ

ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಕೃತಜ್ಞತೆ ಸಲ್ಲಿಸುವ ಹಬ್ಬ. ‘ಥ್ಯಾಂಕ್ಸ್‌ಗಿವಿಂಗ್’ ಎಂದು ಅವರು ಕರೆಯುವ ಈ ದಿನಕ್ಕೆ ಎಲ್ಲೆಲ್ಲೋ ಚದುರಿದ ಮಕ್ಕಳು ಹೆತ್ತವರ ಮನೆ ಸೇರುತ್ತಾರೆ. ಗುರುವಾರ ಊಟ, ಶುಕ್ರವಾರ ಅಂಗಡಿ, ಶನಿವಾರ ಕಾಲೇಜು ಫುಟ್‌ಬಾಲ್ ಎಂಬುದು ಆ ರಜೆಯ ಕ್ರಮ. 2024ರಲ್ಲಿ ಅದನ್ನು ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ, ಮಗಳ ಮನೆಯಲ್ಲಿ ಕಳೆಯುವ ಯೋಗ ನನಗೆ ಒದಗಿತ್ತು. ಆ ಶನಿವಾರ ಕಂಡ ಕೆಲವು ಸಂಗತಿಗಳು ನಮ್ಮ ಗಡಿನಾಡಿನ ಕನ್ನಡ ಶಾಲೆಗಳ ಕುರಿತು ನನ್ನಲ್ಲಿ ಎಬ್ಬಿಸಿದ ಯೋಚನೆ ಇಂದಿಗೂ ಅಡಗಿಲ್ಲವಾದ್ದರಿಂದ ಈ ವಾರ ಅದನ್ನೇ ಓದುಗರ ಮುಂದಿಡುತ್ತಿದ್ದೇನೆ.

ಫುಟ್‌ಬಾಲ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ತ್ರಿಕರಿಪುರದ ಬಯಲುಗಳ ಕಾಲ್ಚೆಂಡಾಟ. ಅಮೆರಿಕದವರದು ಬೇರೆ. ಅಲ್ಲಿ ಚೆಂಡು ಮೊಟ್ಟೆಯಾಕಾರದ್ದು; ಹೆಚ್ಚಿನ ಹೊತ್ತು ಅದು ಕೈಯಲ್ಲೇ ಇರುತ್ತದೆ. 100 ಗಜ ಉದ್ದದ ಅಂಗಳದಲ್ಲಿ ತಂಡಕ್ಕೆ 11 ಮಂದಿ. ಚೆಂಡು ಹಿಡಿದ ತಂಡ ನಾಲ್ಕು ಯತ್ನಗಳೊಳಗೆ 10 ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಯತ್ನ, ಇಲ್ಲವಾದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿಸಿದರೆ 6 ಅಂಕ, ಕಂಬಗಳ ನಡುವೆ ಒದ್ದು ಹಾರಿಸಿದರೆ 3. ಲೆಕ್ಕಕ್ಕೆ 60 ನಿಮಿಷಗಳ ಆಟವಾದರೂ ನಿಂತು ನಿಂತು ಸಾಗಿ ಮೂರು ಗಂಟೆ ಮೀರುತ್ತದೆ. ಇರುಳಿಡೀ ಬಯಲಾಟ ನೋಡಿ ಪಳಗಿದವನಿಗೆ ಅದೇನೂ ದೀರ್ಘವೆನಿಸಲಿಲ್ಲ.

ಅಂದಿನ ಆಟ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೂ ನೆರೆರಾಜ್ಯದ ಮಿಷಿಗನ್ ವಿಶ್ವವಿದ್ಯಾಲಯಕ್ಕೂ ನಡುವೆ. 1897ರಲ್ಲಿ ಮೊದಲ ಬಾರಿ ಎದುರಾದ ಈ ತಂಡಗಳ ಪಂದ್ಯಕ್ಕೆ ಅಲ್ಲಿನವರು ‘ದಿ ಗೇಮ್’ ಎಂದಷ್ಟೇ ಹೇಳುತ್ತಾರೆ. ಯಾವ ಆಟವೆಂದು ಯಾರೂ ಕೇಳುವುದಿಲ್ಲ. ಕೊಲಂಬಸ್ಸಿನ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಜನ ಕೂರಬಹುದು. ಆದರೂ ಟಿಕೆಟಿನ ಬೆಲೆ ಕೇಳಿದ ಮೇಲೆ ಟಿ.ವಿ.ಯ ಮುಂದೆ ಕೂರುವುದೇ ಲೇಸೆಂದು ನಾವು ತೀರ್ಮಾನಿಸಿದೆವು.

ಈ ಹಗೆತನಕ್ಕೆ ಆಟಕ್ಕಿಂತ ಹಳೆಯದೊಂದು ಬೇರಿದೆ. ಅದು ಗಡಿ. ಟೊಲೆಡೊ ಎಂಬ ಊರೂ ಅದರ ಸುತ್ತಲಿನ ಕಿರಿದಾದ ನೆಲದ ಪಟ್ಟಿಯೂ ತಮಗೇ ಸೇರಬೇಕೆಂದು 1835ರಲ್ಲಿ ಒಹಾಯೊದವರೂ ಮಿಷಿಗನ್ನಿನವರೂ ಪಡೆ ಕಟ್ಟಿ ಎದುರುಬದುರು ನಿಂತಿದ್ದರು. ಒಬ್ಬನಿಗೆ ಚೂರಿಯ ಗಾಯವಾದುದಲ್ಲದೆ ಯಾರೂ ಸಾಯಲಿಲ್ಲ. ಕೊನೆಗೆ ದೇಶದ ಸಂಸತ್ತು ಟೊಲೆಡೊವನ್ನು ಒಹಾಯೊಗೆ ಕೊಟ್ಟು, ಬದಲಿಗೆ ಉತ್ತರದ ಕಾಡುನಾಡೊಂದನ್ನು ಮಿಷಿಗನ್ನಿಗೆ ಒಪ್ಪಿಸಿತು. 1837ರಲ್ಲಿ ಮಿಷಿಗನ್ ರಾಜ್ಯವಾಯಿತು. ಬೇಡದ್ದೆಂದು ಮೂಗು ಮುರಿದ ಆ ಕಾಡಿನಲ್ಲಿ ಮುಂದೆ ತಾಮ್ರವೂ ಕಬ್ಬಿಣವೂ ದೊರೆತವು. ಅಳಿಯಂದಿರು ಈ ಕತೆ ಹೇಳುತ್ತಿದ್ದಾಗ ನನ್ನ ಮನಸ್ಸು ಚಂದ್ರಗಿರಿ ಹೊಳೆಯ ದಡದಲ್ಲಿತ್ತು. 1956ರ ನವೆಂಬರ್ 1ರಂದು ಎಳೆದ ಗೆರೆ, ಆ ಹೊಳೆಯ ಉತ್ತರದ ನೆಲ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಮಾಡಿದ ಶಿಫಾರಸು, ಅದು ಕಾಗದದಲ್ಲೇ ಉಳಿದುದು, ಇವನ್ನು ನಮ್ಮ ಓದುಗರಿಗೆ ಮತ್ತೆ ವಿವರಿಸಬೇಕಾಗಿಲ್ಲ. ಅವರ ಗಡಿಜಗಳ ಇಂದು ಆಟವಾಗಿದೆ. ಏಕೆಂದರೆ ಗೆರೆಯ ಯಾವ ಬದಿಯಲ್ಲಿದ್ದರೂ ಅಲ್ಲಿನ ಮಗು ಕಲಿಯುವ ಭಾಷೆ ಒಂದೇ. ನಮ್ಮ ಗೆರೆ ಹಾದುಹೋದುದು ಮಗುವಿನ ಪಾಠಪುಸ್ತಕದ ಮೇಲೆ.

ಪಂದ್ಯದ ಹಿಂದಿನ ದಿನ ಎಂಟು ವರ್ಷದ ಮೊಮ್ಮಗಳ ಕೈ ಹಿಡಿದು ವಿಶ್ವವಿದ್ಯಾಲಯದ ಆವರಣದಲ್ಲಿ ನಡೆದಾಡಿದೆ. ಅಲ್ಲಿನ ಫಲಕಗಳಲ್ಲಿ ಇಂಗ್ಲಿಷಿನ ‘ಎಮ್’ ಅಕ್ಷರ ಬಂದಲ್ಲೆಲ್ಲ ಅದರ ಮೇಲೆ ಕೆಂಪು ಟೇಪು ಅಂಟಿಸಿದ್ದರು. ಮಿಷಿಗನ್ ಹೆಸರಿನ ಮೊದಲಕ್ಷರ ಕಣ್ಣಿಗೆ ಬೀಳಬಾರದೆಂದು ಪಂದ್ಯದ ವಾರದಲ್ಲಿ ವಿದ್ಯಾರ್ಥಿಗಳು ಪ್ರತಿವರ್ಷ ಮಾಡುವ ತಮಾಷೆಯಿದು. ಮೊಮ್ಮಗಳು ಓಡಾಡಿ ಎಣಿಸಿ ನಗುತ್ತಿದ್ದಳು. ನಾನೂ ನಕ್ಕೆ, ಆದರೆ ಪೂರ್ತಿಯಾಗಿ ನಗಲಾಗಲಿಲ್ಲ. ಪಂದ್ಯ ಮುಗಿದ ಮೇಲೆ ಅವರ ಟೇಪು ಕಳಚುತ್ತದೆ. ನಮ್ಮೂರ ಬಸ್ಸಿನ ಹಣೆಯಿಂದ, ಕಚೇರಿಯ ಅರ್ಜಿ ನಮೂನೆಯಿಂದ ಮರೆಯಾದ ಕನ್ನಡ ಅಕ್ಷರಗಳು ಹಾಗೆ ಮರಳಿ ಬಂದುದನ್ನು ನಾನು ಕಂಡದ್ದು ಕಡಿಮೆ.

ಶನಿವಾರ ಮಧ್ಯಾಹ್ನ ಆಟ ಮೊದಲಾಯಿತು. ಒಹಾಯೊ ದೇಶದ ಪಟ್ಟಿಯಲ್ಲಿ ಎರಡನೆಯ ಸ್ಥಾನದ ತಂಡ. ಆ ಋತುವಿನಲ್ಲಿ ಹತ್ತು ಗೆದ್ದು ಒಂದರಲ್ಲಿ ಮಾತ್ರ ಸೋತಿತ್ತು. ಮಿಷಿಗನ್ ಆರು ಗೆದ್ದು ಐದು ಸೋತಿತ್ತು. ಫಲಿತಾಂಶ ಮೊದಲೇ ತಿಳಿದಿರುವಂತೆ ನೆರೆಮನೆಯವರು ಮಾತನಾಡುತ್ತಿದ್ದರು. ಆದರೆ ಕೊನೆಯ ನಿಮಿಷದವರೆಗೂ ಅಂಕ 10–10. ಇನ್ನು 45 ಸೆಕೆಂಡು ಇರುವಾಗ ಮಿಷಿಗನ್ನಿನ ಆಟಗಾರನ ಒದೆತಕ್ಕೆ ಚೆಂಡು ಕಂಬಗಳ ನಡುವೆ ಹಾರಿತು, 13–10. ಬೀದಿಯಿಡೀ ಸಾವಿನ ಮನೆಯಂತಾಯಿತು. ಗೆದ್ದವರು ತಮ್ಮ ಬಾವುಟವನ್ನು ಅಂಗಳದ ನಡುವೆ ಊರಲು ಹೊರಟಾಗ ಹೊಡೆದಾಟವಾಗಿ, ಪೊಲೀಸರು ಪೆಪ್ಪರ್ ಸ್ಪ್ರೇ ಬಳಸುವಲ್ಲಿಗೆ ಮುಟ್ಟಿತು. ಅಭಿಮಾನಕ್ಕೂ ಉನ್ಮಾದಕ್ಕೂ ನಡುವಿನ ಗೆರೆ ಎಷ್ಟು ತೆಳುವೆಂಬುದನ್ನು ಮಕ್ಕಳೂ ನೋಡಿದರು. 2025ರ ಜನವರಿಯಲ್ಲಿ ಅದೇ ಒಹಾಯೊ ತಂಡ ರಾಷ್ಟ್ರೀಯ ಪ್ರಶಸ್ತಿಯನ್ನೇ ಗೆದ್ದುಕೊಂಡಿತು. “ಆದರೂ ಮಿಷಿಗನ್ನಿಗೆ ಸೋತೆವಲ್ಲ ಎಂದು ಪಕ್ಕದ ಮನೆಯವರು ಇನ್ನೂ ಹಲುಬುತ್ತಿದ್ದಾರೆ ಅಪ್ಪ” ಎಂದು ಮಗಳು ಫೋನಿನಲ್ಲಿ ಹೇಳಿದಳು.

ಈ ವ್ಯವಸ್ಥೆಯಲ್ಲಿ ಎಲ್ಲವೂ ಮೆಚ್ಚತಕ್ಕದ್ದೆಂದು ನಾನು ಹೇಳಲಾರೆ. ಆಟದಲ್ಲಿ ಪ್ರಾಣಹಾನಿ ಹೆಚ್ಚಿದ್ದರಿಂದ 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರೇ ಕಾಲೇಜುಗಳವರನ್ನು ಶ್ವೇತಭವನಕ್ಕೆ ಕರೆಸಿ ಮಾತನಾಡಬೇಕಾಯಿತು. ನಿಯಮಗಳು ಬದಲಾದರೂ ತಲೆಗೆ ಬೀಳುವ ಪೆಟ್ಟಿನ ಭಯ ಇಂದಿಗೂ ಹೋಗಿಲ್ಲ. ಎಷ್ಟೋ ರಾಜ್ಯಗಳಲ್ಲಿ ಸರಕಾರಿ ಸಂಬಳ ಪಡೆಯುವವರ ಪೈಕಿ ಕಾಲೇಜು ತಂಡದ ತರಬೇತುದಾರನದೇ ಅತಿ ದೊಡ್ಡ ಸಂಬಳ. ಮೈ ನುಗ್ಗಾಗಿಸಿಕೊಳ್ಳುವ ಆಟಗಾರರಿಗಾದರೋ ತಮ್ಮ ಹೆಸರಿನಿಂದ ಹಣ ಗಳಿಸುವ ಹಕ್ಕು ದೊರೆತದ್ದು 2021ರಲ್ಲಿ. ನಮ್ಮ ಶಾಲೆಗಳು ಅನುಸರಿಸಬೇಕಾದ ಮಾರ್ಗ ಇದಲ್ಲ.

ಅನುಸರಿಸಬಹುದಾದುದು ಬೇರೊಂದಿದೆ. ಒಹಾಯೊ ಅಂಗಳದಲ್ಲಿ ಆಟಕ್ಕೆ ಮುನ್ನ ವಿದ್ಯಾರ್ಥಿಗಳ ವಾದ್ಯಮೇಳ ನಡೆಸುವ ಒಂದು ಪದ್ಧತಿಯನ್ನು ಅಳಿಯಂದಿರು ಮೊಬೈಲಿನಲ್ಲಿ ತೋರಿಸಿದರು. 1936ರಲ್ಲಿ ಆರಂಭವಾದದ್ದಂತೆ. ಕಹಳೆ, ನಗಾರಿಗಳನ್ನು ನುಡಿಸುತ್ತಲೇ ವಿದ್ಯಾರ್ಥಿಗಳು ಒಬ್ಬರ ಹಿಂದೊಬ್ಬರು ಸಾಲಾಗಿ ಸುತ್ತಿ ಸುತ್ತಿ ನಡೆದು, ಹುಲ್ಲಿನ ಮೇಲೆ ಕೂಡುಬರಹದಲ್ಲಿ ತಮ್ಮ ರಾಜ್ಯದ ಹೆಸರನ್ನು ಬರೆಯುತ್ತಾರೆ. ಶಾಯಿಯಿಲ್ಲ, ಲೇಖನಿಯಿಲ್ಲ, ಅವರ ಮೈಯೇ ಅಕ್ಷರ. ಕೊನೆಗೆ ‘ಐ’ ಅಕ್ಷರದ ನೆತ್ತಿಯ ಬಿಂದು ಮಾತ್ರ ಉಳಿಯುತ್ತದೆ. ಆಗ ಸೂಸಫೋನ್ ಎಂಬ ಭಾರವಾದ ವಾದ್ಯವನ್ನು ಹೆಗಲಿಗೆ ಸುತ್ತಿಕೊಂಡ ಒಬ್ಬ ವಿದ್ಯಾರ್ಥಿ ಠೀವಿಯಿಂದ ನಡೆದು ಬಂದು, ಆ ಸ್ಥಳದಲ್ಲಿ ನಿಂತು ಬಾಗಿ ನಮಿಸುತ್ತಾನೆ. ಲಕ್ಷ ಜನ ಎದ್ದು ಆರ್ಭಟಿಸುತ್ತಾರೆ. ಸಾಮಾನ್ಯವಾಗಿ ನಾಲ್ಕನೆಯ ಇಲ್ಲವೇ ಐದನೆಯ ವರ್ಷದ ವಿದ್ಯಾರ್ಥಿಗೆ ಸಿಗುವ ಮರ್ಯಾದೆಯಿದು. ಗೋಲು ಹೊಡೆದವನಿಗಲ್ಲ, ವರ್ಷಗಟ್ಟಲೆ ಹಿಂದಿನ ಸಾಲಿನಲ್ಲಿ ಭಾರ ಹೊತ್ತವನಿಗೆ.

ನಮ್ಮ ಶಾಲಾ ವಾರ್ಷಿಕೋತ್ಸವಗಳನ್ನು ನೆನೆಯುತ್ತೇನೆ. ಹಿಂದಿನ ವಿದ್ಯಾರ್ಥಿಗಳು ಮುಂಬಯಿಯಿಂದ, ಕೊಲ್ಲಿ ದೇಶಗಳಿಂದ ಬರುತ್ತಾರೆ. ವೇದಿಕೆಯೇರಿ ಕನ್ನಡ ಮಾಧ್ಯಮದಲ್ಲಿ ಕಲಿತ ಭಾಗ್ಯವನ್ನು ಕಣ್ಣು ತುಂಬಿ ಹೇಳುತ್ತಾರೆ. ಮಕ್ಕಳು ಕೆಳಗೆ ಬಿಸಿಲಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಾರೆ. ಕಟ್ಟಡ ನಿಧಿಗೆ ನೆರವಾದವರ ಹೆಸರುಗಳು ಗೋಡೆಯ ಮೇಲೆ ಹೆಚ್ಚುತ್ತವೆ. ಒಂದನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಹೆಸರುಗಳು ಇಳಿಯುತ್ತವೆ. ಇತರರನ್ನು ದೂರುವ ಹಕ್ಕು ನನಗಿಲ್ಲ. ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವನ ಮೊಮ್ಮಗಳಿಗೆ ಕನ್ನಡ ಮಾತು ಬರುತ್ತದೆ, ಓದು ಬಾರದು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ನೇಮಿಸಿದಾಗಲೆಲ್ಲ ಬೀದಿಗಿಳಿದು ಮಕ್ಕಳ ಪಾಠ ಉಳಿಸಿದವರು ವೇದಿಕೆಯ ಮೇಲಿನ ಅತಿಥಿಗಳಲ್ಲ. ಇಂದಿಗೂ ಮಕ್ಕಳನ್ನು ಈ ಶಾಲೆಗಳಿಗೆ ಕಳುಹಿಸುತ್ತಿರುವ ತಂದೆ ತಾಯಂದಿರು. ಹಿಂದಿನ ಸಾಲಿನಲ್ಲಿ ಭಾರ ಹೊತ್ತವರು ಅವರು.

ಆದ್ದರಿಂದ ಒಂದು ಸಣ್ಣ ಸಲಹೆ. ಬರುವ ಜೂನಿನ ಪ್ರವೇಶೋತ್ಸವದಂದು ಶಾಲೆಯ ಅತ್ಯಂತ ಹಿರಿಯ ತರಗತಿಯ ಮಗುವೊಂದು ಕರಿಹಲಗೆಯ ಮೇಲೆ ಊರಿನ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಯಲಿ. ಬಿಂದುವನ್ನು ಅಂದೇ ಸೇರಿದ ಪುಟ್ಟ ಮಗು ಇಡಲಿ. ಹೆತ್ತವರು ಎದ್ದು ನಿಂತು ಚಪ್ಪಾಳೆ ತಟ್ಟಲಿ, ಭಾಷಣ ಆಮೇಲೆ ಆಗಲಿ. ಕುಂಬಳೆ, ಮಂಜೇಶ್ವರ, ಮೀಂಜ, ಕುಂಬ್ಡಾಜೆ: ನಮ್ಮ ಊರುಗಳ ಹೆಸರಲ್ಲಿ ಬಿಂದುವಿಗೆ ಬರವಿಲ್ಲ. ಬಿಂದುವಿಲ್ಲದ ಊರಿನವರು ಕೊನೆಯ ಕೊಂಬನ್ನೋ ತಲೆಕಟ್ಟನ್ನೋ ಮಗುವಿಗೆ ಬಿಟ್ಟುಕೊಟ್ಟರಾಯಿತು.

ಆ ಭಾನುವಾರ ಕೊಲಂಬಸ್ಸಿನಲ್ಲಿ ಮೊಮ್ಮಗಳು ಕಾಗದ, ಪೆನ್ಸಿಲು ಹಿಡಿದು ಬಂದು, “ಅಜ್ಜ, ನಮ್ಮ ಊರಿಗೂ ಚುಕ್ಕೆ ಉಂಟಾ?” ಎಂದು ಕೇಳಿದಳು. ‘ಕು’ ಬರೆದು, ಒಂದಿಷ್ಟು ಜಾಗ ಬಿಟ್ಟು, ‘ಬಳೆ’ ಬರೆದುಕೊಟ್ಟೆ. ನಡುವೆ ಅವಳು ಇಟ್ಟ ಸೊನ್ನೆ ಅಕ್ಷರಗಳಿಗಿಂತ ದೊಡ್ಡದಾಯಿತು. ಇರಲಿ ಎಂದೆ. ಆ ಬಳಿಕ ವಾರಕ್ಕೊಂದು ಕನ್ನಡ ಪದವನ್ನು ಅವಳು ಫೋನಿನಲ್ಲಿ ನನಗೆ ಬರೆದು ತೋರಿಸುತ್ತಿದ್ದಾಳೆ.