ಮೂವತ್ತೊಂದನೆಯ ದಿನ

ಕಳೆದ ವಾರ ಬೆಂಗಳೂರಿನ ಒಂದು ಕ್ರೈಸ್ತ ಸಭೆಯ ಯುವಜನ ಸಂಘದಿಂದ ವಾಟ್ಸ್‌ಆ್ಯಪ್‌ನಲ್ಲಿ ಒಂದು ಕರಪತ್ರ ಬಂತು. ಕಾಂಬೋಡಿಯಾಕ್ಕೆ ಒಂಬತ್ತು ದಿನದ ಮಿಷನ್ ಟ್ರಿಪ್. ಮೂರು ದಿನ ಅನಾಥಾಶ್ರಮದ ಮಕ್ಕಳ ಜೊತೆ, ಎರಡು ದಿನ ಹಳ್ಳಿಯಲ್ಲಿ ಸುವಾರ್ತೆ, ಒಂದು ದಿನ ಅಂಕೋರ್‌ವಾಟ್. ಮುಂಗಡ ಕಟ್ಟಲು ತಿಂಗಳ ಕೊನೆಯವರೆಗೆ ಸಮಯ. ಕೆಳಗೆ ಕಣ್ಣರಳಿಸಿ ನಗುವ ಒಬ್ಬ ಪುಟ್ಟ ಹುಡುಗಿಯ ಫೋಟೊ. ಅವಳ ಹೆಸರಿಲ್ಲ.

ಕರಪತ್ರ ಕಳಿಸಿದ ಹುಡುಗರ ಮನಸ್ಸು ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ. ಅದಕ್ಕೇ ಹೇಳಬೇಕಾದದ್ದನ್ನು ಈಗಲೇ, ದುಡ್ಡು ಕಟ್ಟುವ ಮೊದಲೇ ಹೇಳಿಬಿಡಬೇಕು. ಅಮೆರಿಕದ ಸಭೆಗಳು ದಶಕಗಳ ಕಾಲ ಮಾಡಿ, ಕೈ ಸುಟ್ಟುಕೊಂಡು, ಈಗ ತಾವೇ ಪ್ರಶ್ನೆ ಹಾಕಿಕೊಳ್ಳುತ್ತಿರುವ ಪದ್ಧತಿಯೊಂದು ನಮ್ಮ ಅಂಗಳಕ್ಕೆ ಹೊಸ ಸರಕಿನಂತೆ ಬಂದಿಳಿಯುತ್ತಿದೆ.

ನಾನೂ ಹೋಗಿ ಬಂದವನೇ. ಅಮೆರಿಕದಲ್ಲಿದ್ದಾಗ ಅಲ್ಲಿನ ಸಭೆಯ ತಂಡದೊಂದಿಗೆ ಹೊಂಡುರಾಸ್‌ಗೆ ಹತ್ತು ದಿನ ಹೋಗಿದ್ದೆ. ಶಾಲೆಯ ಕೊಠಡಿಯಲ್ಲಿ ಆರೋಗ್ಯ ಶಿಬಿರ. ಮಾತ್ರೆ ಎಣಿಸಿ ಪೊಟ್ಟಣ ಕಟ್ಟುವುದು ನನ್ನ ಕೆಲಸ. ಅರವತ್ತು ದಾಟಿದ ಒಬ್ಬ ಹೆಂಗಸು ಬಂದರು. ಬಿಪಿ ವಿಪರೀತ. ನಮ್ಮ ಡಾಕ್ಟರು ಮೂವತ್ತು ಮಾತ್ರೆ ಬರೆದರು. ಆಕೆ ಪೊಟ್ಟಣವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಏನೋ ಕೇಳಿದರು. ದುಭಾಷಿ ಹುಡುಗ ಸ್ವಲ್ಪ ತಡೆದು ಹೇಳಿದ: "ಮುಗಿದ ಮೇಲೆ ಏನು ಮಾಡಲಿ ಅಂತ ಕೇಳ್ತಿದ್ದಾರೆ."

ಬಿಪಿ ಮಾತ್ರೆ ಒಂದು ತಿಂಗಳಿಗೆ ಮುಗಿಯುವುದಲ್ಲ, ಬದುಕಿರುವಷ್ಟು ದಿನವೂ ನುಂಗಬೇಕಾದದ್ದು. ನಮ್ಮ ಮುಂದಿನ ತಂಡ ಬರುವುದು ಮುಂದಿನ ವರ್ಷ. ಅದೇ ಊರಿನ ಆರೋಗ್ಯ ಕೇಂದ್ರದ ನರ್ಸ್ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು. ಮೂವತ್ತೊಂದನೆಯ ದಿನ ಆ ಹೆಂಗಸು ಹೋಗಬೇಕಾದದ್ದು ಇವರ ಹತ್ತಿರ. ನಾವು ಯಾರೂ ಅವರನ್ನು ಮಾತಾಡಿಸಲಿಲ್ಲ, ಕೂರಲು ಒಂದು ಕುರ್ಚಿಯನ್ನೂ ಕೊಡಲಿಲ್ಲ. ಮರಳಿದ ಮೇಲೆ ಭಾನುವಾರದ ಆರಾಧನೆಯಲ್ಲಿ ಸಾಕ್ಷಿ ಹೇಳುವಾಗ ಎಷ್ಟು ಜನರನ್ನು ನೋಡಿದೆವು ಎಂಬ ಲೆಕ್ಕ ಒಪ್ಪಿಸಿದೆವು. ನರ್ಸ್ ವಿಷಯ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಇದು ನಮ್ಮೊಂದು ತಂಡದ ಎಡವಟ್ಟು ಎಂದು ಬಹಳ ದಿನ ಅಂದುಕೊಂಡಿದ್ದೆ. ಹಾಗಲ್ಲ. 1998ರಲ್ಲಿ ಮಿಚ್ ಚಂಡಮಾರುತ ಹೊಂಡುರಾಸನ್ನು ನೆಲಸಮ ಮಾಡಿದ ಮೇಲೆ ಉತ್ತರ ಅಮೆರಿಕದ ಸಭೆಗಳ ತಂಡಗಳು ಹೋಗಿ ಅಲ್ಲಿ ಮನೆ ಕಟ್ಟಿಕೊಟ್ಟವು. ಅಲ್ಲೇ ನೆಲೆಸಿದ್ದ ಕರ್ಟ್ ವೆರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞ ಇದರ ಲೆಕ್ಕ ತೆಗೆದರು. ಪ್ರಯಾಣದ ಖರ್ಚೂ ಸೇರಿ ತಂಡಗಳು ಕಟ್ಟಿದ ಒಂದು ಮನೆಗೆ ಬಿದ್ದದ್ದು ಸುಮಾರು 30,000 ಡಾಲರ್. ಸ್ಥಳೀಯ ಸಂಸ್ಥೆಗಳು ಕಟ್ಟಿದ ಮನೆಗೆ ಸುಮಾರು 2,000. ಒಂದು ಮನೆಯ ದುಡ್ಡಿನಲ್ಲಿ ಹದಿನೈದು ಮನೆ ಏಳುತ್ತಿತ್ತು, ಊರಿನ ಗಾರೆಯವರಿಗೆ ಕೂಲಿಯೂ ಸಿಗುತ್ತಿತ್ತು.

ಇಲ್ಲೊಂದು ಸೂಕ್ಷ್ಮವಿದೆ. ಹತ್ತು ದಿನಕ್ಕೆ ಬಂದವರಿಗೆ ಹತ್ತು ದಿನದಲ್ಲಿ ಮುಗಿಯುವ ಕೆಲಸ ಬೇಕು. ಅಂಥ ಕೆಲಸ ಊರಿನಲ್ಲಿ ಇಲ್ಲದಿದ್ದರೆ ಯಾರಾದರೂ ಅದನ್ನು ಹುಟ್ಟಿಸಿಕೊಡುತ್ತಾರೆ. ಕೆಲಸ ಗೋಡೆಯದ್ದಾದರೆ ನಷ್ಟ ದುಡ್ಡಿನದು. ಬಂದವರಿಗೆ ಬೇಕಾದದ್ದು ಮಕ್ಕಳಾದರೆ?

ಕಾಂಬೋಡಿಯಾದಲ್ಲಿ ಆದದ್ದು ಅದೇ. 2005ರಿಂದ 2010ರ ನಡುವೆ ಅಲ್ಲಿನ ಅನಾಥಾಶ್ರಮಗಳ ಸಂಖ್ಯೆ ಶೇ. 75ರಷ್ಟು ಏರಿತು. ಆಗ ಅಲ್ಲಿ ಯುದ್ಧವಿರಲಿಲ್ಲ. ಏರಿದ್ದು ವಿದೇಶಿ ದಾನಿಗಳೂ ಪ್ರವಾಸಿಗರೂ. ಆಶ್ರಮಗಳು ದಟ್ಟವಾಗಿದ್ದದ್ದೂ ಅವರು ಹೆಚ್ಚು ಬಂದಿಳಿಯುವ ಸಿಯೆಮ್ ರೀಪ್, ನೋಮ್ ಪೆನ್ ಕಡೆಗಳಲ್ಲೇ. ಅಲ್ಲಿದ್ದ ಮಕ್ಕಳಲ್ಲಿ ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಮಂದಿಗೆ ಅಪ್ಪನೋ ಅಮ್ಮನೋ ಬದುಕಿದ್ದರು ಎಂದು ಯುನಿಸೆಫ್ ಹೇಳಿತು. ಬಡ ತಾಯಿಗೆ "ಓದು, ಊಟ ಎಲ್ಲ ನಾವು ನೋಡಿಕೊಳ್ಳುತ್ತೇವೆ" ಎಂದು ಹೇಳಿದರೆ ಸಾಕು, ಕರುಳನ್ನು ಕಲ್ಲು ಮಾಡಿಕೊಂಡು ಮಗುವನ್ನು ಕಳಿಸಿಬಿಡುತ್ತಾಳೆ. ಬಂದ ತಂಡ ಆ ಮಗುವನ್ನು ಮೂರು ದಿನ ಎತ್ತಿ ಮುದ್ದಾಡಿ ಹೊರಡುತ್ತದೆ. ನಾಲ್ಕನೆಯ ದಿನ ಇನ್ನೊಂದು ತಂಡ. ಸಿಕ್ಕಸಿಕ್ಕ ಅಪರಿಚಿತರ ಕೊರಳಿಗೆ ಜೋತು ಬೀಳುವುದು ಮಗುವಿನ ಸಂತೋಷದ ಗುರುತಲ್ಲ, ತನ್ನವರೆಂದು ನೆಚ್ಚಿಕೊಳ್ಳಲು ಯಾರೂ ಇಲ್ಲದ್ದರ ಗುರುತು ಎಂದು ಮಕ್ಕಳ ಮನಸ್ಸನ್ನು ಬಲ್ಲವರು ಹೇಳುತ್ತಾರೆ. ನಾವು ಅದನ್ನೇ ಫೋಟೊ ತೆಗೆದು ಪರದೆಯ ಮೇಲೆ ತೋರಿಸುತ್ತೇವೆ.

ಅವಸರದ ಕರುಣೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಹೈಟಿ ಸಾಕ್ಷಿ. 2010ರ ಜನವರಿಯ ಭೂಕಂಪದ ನಂತರ ಅಮೆರಿಕದ ಬ್ಯಾಪ್ಟಿಸ್ಟ್ ತಂಡವೊಂದು 33 ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ನೆರೆಯ ಡೊಮಿನಿಕನ್ ಗಣರಾಜ್ಯಕ್ಕೆ ಹೊರಟಿತ್ತು. ಗಡಿಯಲ್ಲಿ ಹತ್ತು ಮಂದಿ ಬಂಧನಕ್ಕೊಳಗಾದರು. ಮಕ್ಕಳಿಗೆ ಹೆತ್ತವರಿದ್ದರೆಂಬುದು ಆಮೇಲೆ ತಿಳಿಯಿತು. 2018ರಲ್ಲಿ ಆಸ್ಟ್ರೇಲಿಯಾ ಅನಾಥಾಶ್ರಮಕ್ಕಾಗಿ ಮಕ್ಕಳನ್ನು ಸಾಗಿಸುವುದನ್ನು ಆಧುನಿಕ ಗುಲಾಮಗಿರಿಯ ಸಾಲಿಗೆ ಸೇರಿಸಿತು. ಮರುವರ್ಷ ವಿಶ್ವಸಂಸ್ಥೆಯ ಮಹಾಸಭೆಯೂ ಇಂಥ ಸ್ವಯಂಸೇವೆಯ ಅಪಾಯವನ್ನು ಎತ್ತಿ ಹೇಳಿತು. ಗಂಟೆ ಬಾರಿಸಿ ವರ್ಷಗಳಾದವು. ಕೇಳಿಸಿಕೊಳ್ಳದೆ ಹೊರಟಿರುವುದು ನಾವು.

ಇನ್ನೊಂದು ಅಪಾಯ ಅಲ್ಲೇ ಬೇರೂರಿ ದುಡಿಯುವವರಿಗೆ. 2007ರ ಜುಲೈಯಲ್ಲಿ ಅಲ್ಪಾವಧಿ ಸೇವೆಗೆಂದು ಅಫ್ಘಾನಿಸ್ತಾನಕ್ಕೆ ಹೋದ ದಕ್ಷಿಣ ಕೊರಿಯಾದ ಒಂದು ಸಭೆಯ ತಂಡದ 23 ಜನರನ್ನು ತಾಲಿಬಾನ್ ಬಸ್ಸಿನಿಂದಲೇ ಅಪಹರಿಸಿತು. ಇಬ್ಬರನ್ನು ಕೊಂದಿತು. ಉಳಿದವರ ಬಿಡುಗಡೆಗಾಗಿ ಕೊರಿಯಾ ಸರ್ಕಾರ ಒಪ್ಪಿಕೊಂಡ ಷರತ್ತುಗಳಲ್ಲಿ ತನ್ನ ಮಿಷನರಿಗಳನ್ನು ಆ ದೇಶಕ್ಕೆ ಬಿಡುವುದಿಲ್ಲ ಎಂಬುದೂ ಒಂದು. ಅಲ್ಲಿದ್ದ ಕೊರಿಯಾದ ಪರಿಹಾರ ಕಾರ್ಯಕರ್ತರೂ ಗಂಟುಮೂಟೆ ಕಟ್ಟಬೇಕಾಯಿತು. ಕೆಲವೇ ದಿನಕ್ಕೆಂದು ಬಂದವರ ಹೆಜ್ಜೆ, ತಳವೂರಿದವರ ಬಾಗಿಲನ್ನೂ ಮುಚ್ಚಿಸಿತು.

ಹೋಗಿ ಬಂದವರ ಮನಸ್ಸು ಬದಲಾಗುತ್ತದಲ್ಲ ಎಂದು ಕೇಳುವವರಿದ್ದಾರೆ. ನಿಜ, ನನ್ನದೂ ಬದಲಾಯಿತು. ಆದರೆ ಹಾಗೆ ಬದಲಾಗಲು ನಾನು ಹೋದದ್ದಾದರೆ ಅದು ಕಲಿಕೆ. ಅದನ್ನು ಸೇವೆ ಎಂದು ಕರೆದು ಕಾಣಿಕೆ ಎತ್ತಬಾರದು. 1968ರಲ್ಲೇ ಕ್ಯಾಥೊಲಿಕ್ ಪಾದ್ರಿ ಇವಾನ್ ಇಲಿಚ್ ಮೆಕ್ಸಿಕೋಕ್ಕೆ ಸೇವೆಗೆ ಹೊರಟ ಅಮೆರಿಕದ ವಿದ್ಯಾರ್ಥಿಗಳಿಗೆ ಮುಖದ ಮೇಲೆ ಹೊಡೆದ ಹಾಗೆ ಇದೇ ಮಾತು ಹೇಳಿದ್ದರು.

ಕನ್ನಡದವರಿಗೆ ಮಿಷನರಿ ಎಂದರೆ ನೆನಪಾಗುವ ಹೆಸರುಗಳೇ ಬೇರೆ. ಬಾಸೆಲ್ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ "ಮಂಗಳೂರ ಸಮಾಚಾರ" ಹೊರಡಿಸಿದರು. ಕಿಟ್ಟೆಲ್ 1853ರಲ್ಲಿ ಬಂದರು, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಅವರೂ ಮತ ಹರಡಲೆಂದೇ ಬಂದವರು, ವಸಾಹತು ಕಾಲದ ನೆರಳು ಅವರ ಮೇಲೂ ಇತ್ತು. ಆದರೂ ಊರಿನವರ ಮುಂದೆ ಕೂತು ಅವರ ಮಾತು ಕಲಿತರು. ಕಲಿಯಲು ಎಷ್ಟು ವರ್ಷ ಹಿಡಿಯುತ್ತದೋ ಅಷ್ಟು ವರ್ಷ ಕೊಟ್ಟರು. ಒಂಬತ್ತು ದಿನದಲ್ಲಿ ಖ್ಮೇರ್ ಭಾಷೆಯ ನಮಸ್ಕಾರವೂ ಸರಿಯಾಗಿ ಬಾಯಿಗೆ ಬರುವುದಿಲ್ಲ.

ಆದ್ದರಿಂದ ಸಭಾಪಾಲಕರಲ್ಲಿ, ಹಿರಿಯರಲ್ಲಿ ಈ ಬೇಸಿಗೆಯ ಪಟ್ಟಿ ಗಟ್ಟಿಯಾಗುವ ಮೊದಲೇ ಕೆಲವು ಮಾತು. ಅನಾಥಾಶ್ರಮ ಭೇಟಿಯನ್ನು ಕಾರ್ಯಕ್ರಮದಿಂದ ತೆಗೆದುಹಾಕಿ. ಇದಕ್ಕೆ ವಿನಾಯಿತಿ ಬೇಡ. ಅಲ್ಲಿನ ಸಭೆ ನಿಮ್ಮನ್ನು ಯಾವ ಕೆಲಸಕ್ಕೆ ಕರೆದಿದೆ ಎಂಬ ಕಾಗದವಿಲ್ಲದೆ ಹೊರಡಬೇಡಿ. ವಿಮಾನಕ್ಕೆ ಎಷ್ಟು ಹೋಯಿತು, ಊರಿನಲ್ಲಿ ಎಷ್ಟು ಉಳಿಯಿತು ಎಂಬ ಲೆಕ್ಕವನ್ನು ಸಾಕ್ಷಿಯ ದಿನವೇ ಸಭೆಗೆ ತೋರಿಸಿ. ಶಿಬಿರವಾದರೆ ಮುಂದಿನ ಕುರ್ಚಿ ಅಲ್ಲಿನ ನರ್ಸ್‌ಗೆ ಕೊಡಿ, ಮಾತ್ರೆ ಅವರ ಕೈಯಿಂದ ಹೋಗಲಿ. ಇದಾವುದೂ ಆಗದು ಅನ್ನಿಸಿದರೆ ದುಡ್ಡು ಕಳಿಸಿ, ನೀವು ಮನೆಯಲ್ಲಿರಿ.

ಕರಪತ್ರ ಕಳಿಸಿದ ಹುಡುಗರಿಗೆ ನಾನು ಉಪದೇಶ ಬರೆಯಲಿಲ್ಲ. ಒಂದೇ ಪ್ರಶ್ನೆ ಕೇಳಿದೆ: "ಫೋಟೊದಲ್ಲಿರುವ ಹುಡುಗಿಯ ಅಮ್ಮ ಎಲ್ಲಿದ್ದಾರೆ?" ಎರಡು ದಿನ ಬಿಟ್ಟು ಉತ್ತರ ಬಂತು: "ಕೇಳಿಲ್ಲ ಅಂಕಲ್. ಕೇಳ್ತೀವಿ." ತಿಂಗಳ ಕೊನೆಗೆ ಇನ್ನೂ ಹನ್ನೊಂದು ದಿನ ಇದೆ.