ಅಳಿಯನ ಮದುವಿಗೆ ಉಂಗುರದ ಬದ್ಲಿ ವರ್ನಿಯರ್ ಕ್ಯಾಲಿಪರ್



ಮೊನ್ನೆ ನನ್ನ ತಂಗಿ ಮಗನ ಮದುವಿ ಆತು. ಸೋದರಮಾವ ಅಂದಮ್ಯಾಲ ಆಹೇರದಾಗ ಬಟ್ಟಿ, ಕೈಲಾದ್ರ ಒಂದು ಉಂಗುರ ಇರಬೇಕು. ನಾನು ಬಟ್ಟಿ ಜೊತಿಗೆ ಒಂದು ವರ್ನಿಯರ್ ಕ್ಯಾಲಿಪರ್ ಕೊಟ್ಟೆ. "ಮದುವ್ಯಾಗ ಕಬ್ಬಿಣ ಕೊಡ್ತಾರೇನ್ರಿ?" ಅಂತ ನಮ್ಮ ಮನಿಯವರು ಮೊದಲೇ ಅಂದಿದ್ರು. ಮಂಟಪದಾಗ ನಾಕು ಮಂದಿ ನಕ್ಕರು. ಬಂಗಾರದ ದರ ನೋಡಿ ಹಿಂಗ ಮಾಡ್ಯಾನ ಅಂದವರೂ ಅದಾರ. ಅದು ಪೂರ್ತಿ ಸುಳ್ಳಲ್ಲ. ಆದ್ರ ಉಂಗುರ ಕೊಡೂ ತಾಕತ್ತು ಇದ್ರೂ ನಾನು ಇದನ್ನೂ ಕೊಡ್ತಿದ್ದೆ. ಯಾಕ ಅಂತ ಬರೀತೀನಿ.

ಹುಡುಗ ಕಲಿತದ್ದು ಬಿ.ಕಾಂ. ಮಹಾಲಿಂಗಪುರದಾಗ ಒಂದು ಸೊಸೈಟಿಯೊಳಗ ಕ್ಲಾರ್ಕ್ ಅದಾನ. ರವಿವಾರ ಬಂತಂದ್ರ ದನದ ಕೊಟ್ಟಿಗಿ ಬಾಜೂಕ ಹಳೇ ಡೀಸೆಲ್ ಇಂಜಿನ್, ಸುಟ್ಟ ಮೋಟಾರು ಬಿಚ್ಚಿಕೊಂಡು ಕುಂಡ್ರತಾನ. ರೊಕ್ಕಕ್ಕಲ್ಲ, ಹುಚ್ಚು ಅಷ್ಟ. "ಕೈ ಎಣ್ಣಿ ಮಾಡ್ಕೊಂಡು ಏನ್ ಗಳಸ್ತೀ?" ಅಂತ ಅವರಪ್ಪ ಬೈತಿದ್ದ. ನಾನೂ ನಕ್ಕಾವನ.

ಹೋದ ಬ್ಯಾಸಗಿಯೊಳಗ ನನ್ನ ಬಾವಿ ಮೋಟಾರಿನ ಬೇರಿಂಗ್ ಎರಡು ತಿಂಗಳದಾಗ ಮೂರು ಸಲ ಹೋತು. 6205 ನಂಬರಿನ ಬೇರಿಂಗ್. ಪ್ರತಿ ಸಲ ಹೊಸಾದು ಹಾಕಿಸಿದೆ, ಪ್ರತಿ ಸಲ ಕಾದು ಸದ್ದು ಮಾಡ್ತು. ಕಬ್ಬಿಗೆ ನೀರು ತಪ್ಪಿ ಗಣಿಕಿ ಗಿಡ್ಡ ಆದ್ವು. ಆಗ ಈ ಹುಡುಗ ಬನಹಟ್ಟಿಯ ಒಬ್ಬ ಟರ್ನರ್ ಕಡೆಯಿಂದ ಕ್ಯಾಲಿಪರ್ ಇಸಕೊಂಡು ಬಂದು ಶಾಫ್ಟ್ ಅಳದ. 25 ಮಿ.ಮೀ. ಇರಬೇಕಾದ್ದು 24.88 ಇತ್ತು. "ಮಾಮಾ, ಬೇರಿಂಗ್ ತಪ್ಪಲ್ಲ, ಶಾಫ್ಟ್ ಸವದೈತಿ. ಬೇರಿಂಗಿನ ಒಳಗಿನ ಬಳಿ ಶಾಫ್ಟಿನ ಮ್ಯಾಲ ಜಾರಿ ತಿರಗಾಕ ಹತ್ತೈತಿ" ಅಂದ. ಶಾಫ್ಟಿಗೆ ವೆಲ್ಡಿಂಗ್ ತುಂಬಿಸಿ, ಟರ್ನಿಂಗ್ ಮಾಡಿಸಿ ಅಳತಿಗೆ ತಂದ್ವಿ. ಇವತ್ತಿನತನಕ ಮತ್ತ ಬಿಚ್ಚಿಲ್ಲ. ಮೂರು ಬೇರಿಂಗಿಗೆ ಸಿಗದಿದ್ದ ಉತ್ತರ ಒಂದು ಅಳತಿಯೊಳಗ ಸಿಕ್ತು. ಅವತ್ತ ಮನಸಿನಾಗ ಅನಕೊಂಡೆ, ಇಂವಗ ಸ್ವಂತದ್ದೊಂದು ಕೊಡಬೇಕು ಅಂತ.

ಕೊಡೂದು ಅಂದ್ರ ಯಾವುದು ಕೊಡಬೇಕು? ನಾನು ತಿಳಕೊಂಡದ್ದು ಇಷ್ಟು, ಯಾರಿಗಾದ್ರೂ ಉಪಯೋಗ ಆಗಬಹುದು.

ಮೊದಲು, ಅಂವ ಏನು ಅಳೀತಾನ ಅನ್ನೂದು ನೋಡ್ರಿ. ಮೈಕ್ರೋಮೀಟರ್ 0.01 ಮಿ.ಮೀ. ತೋರಸ್ತೈತಿ, ವೈಂಡಿಂಗ್ ತಂತಿ ಅಳಿಯಾಕ ಅದರಂಥಾದ್ದಿಲ್ಲ. ಆದ್ರ ಒಂದು ಮೈಕ್ರೋಮೀಟರ್ 0ಯಿಂದ 25 ಮಿ.ಮೀ.ತನಕ ಅಷ್ಟ. ಅದಕ್ಕಿಂತ ದಪ್ಪಂದಕ್ಕ ಇನ್ನೊಂದು ಕೊಳ್ಳಬೇಕು. 150 ಮಿ.ಮೀ. ವರ್ನಿಯರ್ ಕ್ಯಾಲಿಪರ್ 0.02 ತನಕ ತೋರಸ್ತೈತಿ, ಹೊರಗಿನ ಅಳತಿ, ಒಳಗಿನ ಅಳತಿ, ಆಳ, ಮೂರೂ ಒಂದರೊಳಗ. ಹತ್ತು ತರದ ಸಾಮಾನು ಬಿಚ್ಚಾವಗ ಮೊದಲು ಇದ ಬೇಕು. ಹತ್ತನೇತ್ತದಾಗ ಪ್ರಾಕ್ಟಿಕಲ್ಲಿಗೆ ಹಿಡದಿದ್ವಲ್ಲ, ಅದ. 1631ರಾಗ ಫ್ರಾನ್ಸಿನ ಪಿಯೆರ್ ವರ್ನಿಯರ್ ಅನ್ನಾವ ಈ ಅಳತಿಪಟ್ಟಿ ಬಗ್ಗೆ ಬರದಿದ್ದಕ್ಕ ಆ ಹೆಸರು.

ಎರಡನೇದು, ಡಿಜಿಟಲ್ಲೋ ಗೆರಿಯದ್ದೋ? ಡಿಜಿಟಲ್ ಓದಾಕ ಸಸಾರ, ನನ್ನಂಗ ಚಸ್ಮಾ ಬಂದವರಿಗೆ ಅದ ಛಲೋ. ಆದ್ರ ಅಗ್ಗದ ಡಿಜಿಟಲ್ಲಿನಾಗ ಬಂದ್ ಮಾಡಿಟ್ರೂ ಸೆಲ್ ಇಳೀತಿರ್ತೈತಿ, ಕೊಟ್ಟಿಗಿ ಧೂಳು, ಎಣ್ಣಿಗೂ ಅದು ತಾಳಂಗಿಲ್ಲ. ಗೆರಿ ಇರೂದು ಸೆಲ್ ಕೇಳಂಗಿಲ್ಲ, ನೆಟ್ಟಗ ಇಟ್ಟುಕೊಂಡ್ರ ಮಕ್ಕಳ ಕಾಲಕ್ಕೂ ಬರ್ತೈತಿ. ಹುಡುಗನ ಕಣ್ಣು ಚುರುಕ ಅದಾವ, ಅದಕ್ಕ ಗೆರಿಯದ್ದ ತಗೊಂಡೆ.

ಮೂರನೇದು, ಹೆಸರು ನೋಡಿ ಮೋಸ ಹೋಗಬ್ಯಾಡ್ರಿ. ಜಪಾನಿನ ಮಿಟುಟೊಯೊ ಹೆಸರಾದ ಮಾಲು, ಅದಕ್ಕ ನಕಲಿನೂ ಬರ್ತಾವ. ಬೆಳಗಾವಿ ಉದ್ಯಮಬಾಗದ ಕಡೆ ಹೋದಾಗ ನಾನು ಕಿಸೆದಾಗ ಒಂದು ಹೊಸ 6205 ಬೇರಿಂಗ್ ಇಟಗೊಂಡು ಹೋಗಿದ್ದೆ. ಅದರ ಒಳಗಿನ ಅಳತಿ 25, ಹೊರಗಿಂದು 52 ಮಿ.ಮೀ. ಒಳ್ಳೆ ಕಂಪನಿ ಬೇರಿಂಗಿನಾಗ ಇವೆರಡು ನೂರನೇ ಒಂದು ಮಿ.ಮೀ. ಆಸುಪಾಸಿಗೆ ಕರೆಕ್ಟ್ ಇರ್ತಾವ. ದಪ್ಪ 15 ಅಂತಾರ, ಅದರಾಗ ಹೆಚ್ಚು ಕಡಿಮಿ ಬಿಡ್ತಾರ, ಅದನ್ನ ನಂಬಿ ಪರೀಕ್ಷಾ ಮಾಡಬ್ಯಾಡ್ರಿ. ಕ್ಯಾಲಿಪರಿನ ಎರಡೂ ದವಡಿ ಕೂಡಿಸಿ ಬೆಳಕಿಗೆ ಹಿಡೀರಿ, ನಡುವ ಬೆಳಕು ಕಾಣಬಾರದು, ಸೊನ್ನಿ ಸೊನ್ನಿಗೆ ಕೂಡಬೇಕು. ಆಮ್ಯಾಲ ಬೇರಿಂಗ್ ಅಳೀರಿ. ಅಂಗಡಿಯವರು ಸಿಟ್ಟಾದ್ರ ಬ್ಯಾರೆ ಅಂಗಡಿ ನೋಡ್ರಿ.

ಹಂಗಂತ ಕ್ಯಾಲಿಪರ್ ಒಂದಿದ್ರ ಎಲ್ಲಾ ಗೊತ್ತಾಗ್ತೈತಿ ಅಂತಲ್ಲ. 0.12 ಸವದದ್ದು ಅದು ಹಿಡೀತು. 0.01ರ ಫಿಟಿಂಗ್ ಹಿಡಿಯಾಕ ಮೈಕ್ರೋಮೀಟರ್ ಬೇಕ ಬೇಕು. ಅದು ಅವನ ಮಗನ ಜವಳಕ್ಕ ಅಂತ ಹೇಳಿಟ್ಟೀನಿ.

ಈಗ ನನ್ನ ಮುಖ್ಯ ಮಾತು. ನಾವು ರೈತರು ಬೆಳಿಯೂದು ನಾವ, ಅಳತಿ ಮಾತ್ರ ಇನ್ನೊಬ್ಬರ ಕೈಯಾಗ. ಕಬ್ಬಿನ ತೂಕ ಬ್ಯಾರೆಯವರದು, ಇಳುವರಿ ಬ್ಯಾರೆಯವರದು. 2025-26ರ ಕೇಂದ್ರದ ಎಫ್‌ಆರ್‌ಪಿ ನೋಡ್ರಿ. 10.25 ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ, ಅದರ ಮ್ಯಾಲ ಪ್ರತಿ 0.1ಕ್ಕ 3.46 ರೂಪಾಯಿ. ಟನ್ನಿಗೆ 34 ರೂಪಾಯಿ 60 ಪೈಸಾ. ಹತ್ತನೇ ಒಂದು ಭಾಗಕ್ಕ ಇಷ್ಟು ಬೆಲಿ ಐತಿ. ಮೋಟಾರು ಸುಟ್ಟಾಗೂ ಹಂಗ. 1 ಮಿ.ಮೀ. ತಂತಿ ಇದ್ದಲ್ಲಿ 0.9 ಹಾಕಿದ್ರ ಕಣ್ಣಿಗೆ ಗೊತ್ತಾಗಂಗಿಲ್ಲ, ತಾಮ್ರ ಮಾತ್ರ 100ಕ್ಕ 19 ಕಡಿಮಿ. ಮೋಟಾರು ಕಾದು ಮತ್ತ ಸುಟ್ರ ನಾವು ಕರೆಂಟಿಗೆ ಬೈತೀವಿ. ಬಿಚ್ಚಿದ ಹಳೇ ತಂತಿಯೊಂದು ತುಂಡು, ಹಾಕೂ ಹೊಸಾ ತಂತಿಯೊಂದು ತುಂಡು ಇಸಕೊಂಡು, ಮ್ಯಾಲಿನ ಹೊದಿಕಿ ಕೆರದು ತಗದು ಅಳದ್ರ ಸಾಕು. ಯಾರನ್ನೂ ಕಳ್ಳ ಅನ್ನೂ ಪ್ರಶ್ನಿನ ಬರಂಗಿಲ್ಲ. ಅಳೀತಾರ ಅಂತ ಗೊತ್ತಾದ್ರ ಮಾಡಾವರೂ ನೆಟ್ಟಗ ಮಾಡ್ತಾರ.

ಅದಕ್ಕ ನಿಮ್ಮ ಮನ್ಯಾಗ, ಓಣ್ಯಾಗ ಹಿಂಗ ಅಳಿಯೂ, ಬಿಚ್ಚೂ, ಬರದಿಡೂ ಹುಚ್ಚಿನ ಹುಡುಗ ಹುಡುಗಿ ಇದ್ರ ಬೈಬ್ಯಾಡ್ರಿ. ಮಳಿ ಬರದಿಡಾವಗ ಒಂದು ಮಳಿಮಾಪಕ, ಬೆಲ್ಲ ಮಾಡಾವಗ ಒಂದು ಬ್ರಿಕ್ಸ್ ಮೀಟರ್, ಮೋಟಾರು ಬಿಚ್ಚಾವಗ ಒಂದು ಕ್ಯಾಲಿಪರ್ ಕೊಡ್ರಿ. ಹತ್ತು ಸ್ಟೀಲ್ ಡಬ್ಬಿ ಅಟ್ಟದ ಮ್ಯಾಲ ಕುಂಡ್ರೂದಕ್ಕಿಂತ ಇದು ಮೇಲು.

ಅಳಿಯ ಮದುವಿ ಆದ ಮೂರನೇ ದಿನ ಫೋನ್ ಮಾಡಿದ್ದ. "ಮಾಮಾ, ಹೊಸ ಮೊಮ್ಮಗಳ ಬಳಿ ಅಳದೆ" ಅಂತ ನಗಾಕ ಹತ್ತಿದ್ದ. ಅಂದ್ರ ನಮ್ಮ ಸೊಸಿ ಬಳಿ. "ಒರೆಸಿ, ಹೊಲಿಗಿ ಮಷೀನಿನ ಎಣ್ಣಿ ಒಂದು ಹನಿ ಹಚ್ಚಿ ಇಡು, ಗೆರಿ ಕೊರಿಯಾಕ ಮಾತ್ರ ಅದನ್ನ ಬಳಸಬ್ಯಾಡ" ಅಂದೆ. ಅವರಪ್ಪನೂ ಈಗ ಬೈಯೂದು ಬಿಟ್ಟಾನಂತ. ಅವರ ಮೋಟಾರೂ ಸದ್ದು ಮಾಡಾಕ ಹತ್ತೈತಂತ.