ನೆಗಡಿ ಬಂದರೆ ಮೂಗನ್ನೇ ಕೊಯ್ಯಬೇಕೇ?



ಬಟ್ಟೆ ಹಿಂಡುವ ವೇಳೆ ವಾಷಿಂಗ್ ಮೆಷಿನ್ ರೈಲಿನಂತೆ ಗಡಗಡಿಸತೊಡಗಿದರೆ ಅದರ ಆಯುಷ್ಯವೇ ತೀರಿತೆಂದು ಭಾವಿಸುವವರು ಬಹಳ. ವಾಸ್ತವವಾಗಿ ಸವೆದಿರುವುದು ಸಾಮಾನ್ಯವಾಗಿ ಅಂಗೈಯಲ್ಲಿ ಹಿಡಿಯಬಹುದಾದ ಎರಡು ಬೇರಿಂಗ್‌ಗಳು ಮತ್ತು ಒಂದು ರಬ್ಬರ್ ಸೀಲ್ ಮಾತ್ರ.

ಮುಂದಿನಿಂದ ಬಟ್ಟೆ ತುಂಬುವ ಯಂತ್ರದಲ್ಲಿ ತಿರುಗುವ ಉಕ್ಕಿನ ಡ್ರಮ್, ನೀರು ನಿಲ್ಲುವ ಪ್ಲಾಸ್ಟಿಕ್ ಟಬ್ಬಿನೊಳಗಿರುತ್ತದೆ. ಡ್ರಮ್ಮಿನ ದಂಡವನ್ನು ಹೊರುವುದು ಬೇರಿಂಗ್. ಬೇರಿಂಗನ್ನು ನೀರಿನಿಂದ ಕಾಯುವುದು ಸೀಲ್. ಸೀಲ್ ಸವೆದರೆ ಸಾಬೂನಿನ ನೀರು ಒಳನುಗ್ಗಿ ಗ್ರೀಸನ್ನು ತೊಳೆದುಬಿಡುತ್ತದೆ, ತುಕ್ಕು ಹಿಡಿಯುತ್ತದೆ, ಸದ್ದು ಹುಟ್ಟುತ್ತದೆ. ಆದಕಾರಣ ಬೇರಿಂಗ್ ಬದಲಿಸುವಾಗ ಸೀಲನ್ನೂ ಬದಲಿಸಲೇಬೇಕು. ಈ ಬೇರಿಂಗ್‌ಗಳೇನೂ ಅಪರೂಪದ ವಸ್ತುಗಳಲ್ಲ. ಹಲವು ಯಂತ್ರಗಳಲ್ಲಿರುವ 6205 ಸಂಖ್ಯೆಯ ಬೇರಿಂಗಿನ ಒಳವ್ಯಾಸ 25 ಮಿ.ಮೀ., ಹೊರವ್ಯಾಸ 52 ಮಿ.ಮೀ. ವಿದ್ಯುತ್ ಮೋಟಾರುಗಳಲ್ಲಿಯೂ ಅದೇ ಇರುತ್ತದೆ.

ಹಾಗಾದರೆ ತೊಡಕೆಲ್ಲಿದೆ? ಟಬ್ಬಿನ ಎರಡು ಹೋಳುಗಳನ್ನು ಸ್ಕ್ರೂಗಳಿಂದ ಜೋಡಿಸಿದ್ದರೆ ನುರಿತ ಮೆಕ್ಯಾನಿಕ್ ಬಿಚ್ಚಿ ಸರಿಪಡಿಸಬಲ್ಲ. ಆದರೆ ಅನೇಕ ಮಾದರಿಗಳಲ್ಲಿ ಆ ಹೋಳುಗಳನ್ನು ಕಾಯಿಸಿ ಒಂದಾಗಿ ಬೆಸೆದುಬಿಟ್ಟಿರುತ್ತಾರೆ. ನಮ್ಮ ಮನೆಗೆ ಬಂದ ಕಂಪನಿಯ ಯುವಕ, "ಸರ್, ಬೇರಿಂಗ್ ಬೇರೆ ಬರೋಲ್ಲ, ಪೂರ್ತಿ ಟಬ್ಬೇ ಹಾಕಿಸಬೇಕು" ಎಂದ. ಹೇಳಿದ ಬೆಲೆ ಹೊಸ ಯಂತ್ರದ ಅರ್ಧದಷ್ಟು! ತಪ್ಪು ಆ ಯುವಕನದಲ್ಲ. ಹಾಗೆ ಬೆಸೆಯಿರೆಂದು ನಿರ್ಧರಿಸಿದವರದು.

ಬೆಸೆದ ಟಬ್ ಸೋರುವುದಿಲ್ಲ, ತಯಾರಿಕೆಯ ಖರ್ಚೂ ಕಡಿಮೆ ಎಂಬ ಸಮರ್ಥನೆಯುಂಟು. ಸ್ಕ್ರೂ ಹಾಕಿದ ಟಬ್ಬುಗಳೂ ದಶಕಗಳಿಂದ ಸೋರದೆ ದುಡಿಯುತ್ತಿವೆಯಲ್ಲ! ಕಾರ್ಖಾನೆ ಉಳಿಸಿದ ಖರ್ಚನ್ನು ಕಡೆಗೆ ತೆರುವವರು ನಾವು. ಕಸದ ರಾಶಿಯನ್ನು ಹೊರುವುದು ನಮ್ಮ ಊರು.

ಐರೋಪ್ಯ ಒಕ್ಕೂಟದಲ್ಲಿ 2021ರ ಮಾರ್ಚ್ 1ರಿಂದ ಅನ್ವಯವಾದ ನಿಯಮದಂತೆ, ಒಂದು ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಬಳಿಕ ಕನಿಷ್ಠ 10 ವರ್ಷ ಡ್ರಮ್ ಮತ್ತು ಬೇರಿಂಗ್ ವೃತ್ತಿಪರ ರಿಪೇರಿಗಾರರಿಗೆ ದೊರೆಯಬೇಕು. ಆದರೆ ಅವೆರಡನ್ನೂ ಒಂದೇ ಗಂಟಾಗಿ ಮಾರಲು ಅಲ್ಲಿಯೂ ಅವಕಾಶವಿದೆ, ಅದೇ ನುಸುಳುಕಿಂಡಿ. ನಮ್ಮ ಕೇಂದ್ರ ಸರ್ಕಾರ 2022ರ ಜುಲೈಯಲ್ಲಿ ರಿಪೇರಿಯ ಹಕ್ಕಿಗಾಗಿ ಸಮಿತಿ ರಚಿಸಿತು. ಅದೇ ಡಿಸೆಂಬರಿನಲ್ಲಿ ಜಾಲತಾಣವನ್ನೂ ತೆರೆಯಿತು. ಮಾಹಿತಿ ಒಳ್ಳೆಯದೇ. ಆದರೆ ಟಬ್ ಬಿಚ್ಚುವಂತಿರಬೇಕು, ಬೇರಿಂಗ್ ಮತ್ತು ಸೀಲ್ ಬಿಡಿಯಾಗಿ ಸಿಗಬೇಕು ಎಂಬ ಕಡ್ಡಾಯ ನಿಯಮವಿಲ್ಲದೆ ಅದರಿಂದ ಪ್ರಯೋಜನ ಅಲ್ಪ.

ಪಾತ್ರೆಗೆ ಕಲಾಯಿ ಹಾಕಿಸಿ, ಕೊಡೆಗೆ ಕಡ್ಡಿ ಕಟ್ಟಿಸಿ ಬಾಳಿದ ಜನ ನಾವು. ಅದು ಜಿಪುಣತನವಲ್ಲ, ವಿವೇಕ. ನಿಮ್ಮಲ್ಲಿ ಎಂಜಿನಿಯರುಗಳಾದವರು ಬಿಚ್ಚಲು ಬರುವಂಥದನ್ನೇ ರೂಪಿಸಿರಿ. ಉಳಿದವರು ಅಂಗಡಿಯಲ್ಲಿ ಬಣ್ಣ, ಗುಂಡಿಗಳನ್ನು ನೋಡುವ ಮೊದಲು ಒಂದೇ ಪ್ರಶ್ನೆ ಕೇಳಿರಿ: "ಇದರ ಟಬ್ ಬಿಚ್ಚಲು ಬರುತ್ತದೆಯೇ?" ಉತ್ತರ ಬಾರದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.